ಒಳಗೋಡೆಯ ಗಿಲಾವು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಸಿಮೆಂಟ್ ಬ್ಲಾಕಿನ ಮನೆ. ಏಪ್ರಿಲ್‌ನಲ್ಲಿ ಒಳಗಡೆ ಗಿಲಾವು ಮಾಡಿಸಿದೆವು. ತಿಂಗಳೊಳಗೇ ಹಾಲಿನ ಗೋಡೆಯ ತುಂಬ ಬಲೆಯಂಥ ಸಣ್ಣ ಬಿರುಕು. ಬೀಮಿನ ಕೆಳಗೆ ಉದ್ದಕ್ಕೂ ಗೆರೆ ಬಿಟ್ಟಿದೆ, ಬೀಮಿನ ಮೇಲೆ ತಟ್ಟಿದರೆ ಪೊಳ್ಳು ಸದ್ದು. ಸಿಮೆಂಟ್ ಕಡಿಮೆಯಾಗಿದೆ ಎನ್ನುತ್ತಾರೆ ಮೇಸ್ತ್ರಿ. ಮೇಲಿನ ಅಂತಸ್ತಿಗೆ 1:3 (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು) ಹಾಕಿಸಬಹುದೇ? (ದಾವಣಗೆರೆ)

ಉತ್ತರ: ಖಂಡಿತ ಬೇಡ. ಸಿಮೆಂಟ್ ಹೆಚ್ಚಿದಷ್ಟೂ ಗಿಲಾವು ಒಣಗುವಾಗ ಹೆಚ್ಚು ಕುಗ್ಗುತ್ತದೆ, ಬಿರುಕು ಇನ್ನೂ ಜಾಸ್ತಿಯಾಗುತ್ತದೆ. ಒಳಗೋಡೆಗೆ 1:6ರ ಗಾರೆ, 12 ಮಿ.ಮೀ. ದಪ್ಪ ಸಾಕು. ಸೀಲಿಂಗಿಗೆ 1:4, 6 ಮಿ.ಮೀ.

ನಿಮ್ಮ ಗೋಡೆಯಲ್ಲಿರುವುದು ಮೂರು ಬೇರೆ ಬೇರೆ ದೋಷ. ಬಲೆಯಂಥ ಬಿರುಕು ಮೇಲ್ಮೈಯದು. ಮರಳಿನಲ್ಲಿ ಮಣ್ಣು ಹೆಚ್ಚಿದ್ದರೆ, ನುಣುಪಿಗೆಂದು ಒಣ ಸಿಮೆಂಟ್ ಎರಚಿ ಕರಣೆಯಿಂದ ಬಹಳ ತಿಕ್ಕಿದರೆ, ಅಥವಾ ಗಿಲಾವು ಬೇಗ ಒಣಗಿದರೆ ಇದು ಬರುತ್ತದೆ. ನಮ್ಮ ಕಡೆಯ ಬೇಸಿಗೆ ಗಾಳಿಗೆ ಕಿಟಕಿ ಬಾಗಿಲು ಕೂರಿಸದ ಮನೆಯಲ್ಲಿ ಬೆಳಿಗ್ಗೆ ಹೊಡೆದ ಗಿಲಾವು ಸಂಜೆಗೇ ಬೆಳ್ಳಗಾಗುತ್ತದೆ. ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿಸಿ. ಮಾರನೆಯ ದಿನದಿಂದ ಕನಿಷ್ಠ 7 ದಿನ, ಬೇಸಿಗೆಯಲ್ಲಿ 10 ದಿನ, ಗೋಡೆ ಒಣಗಲು ಬಿಡದೆ ನೀರು ಹೊಡೆಸಿ. ಬೆಳಿಗ್ಗೆ ಒಮ್ಮೆ ಪೈಪ್ ಹಿಡಿದು ಹೋದರೆ ಕ್ಯೂರಿಂಗ್ (ತೇವ ಆರದಂತೆ ನೀರುಣಿಸಿ ಗಟ್ಟಿ ಮಾಡುವುದು) ಆಗುವುದಿಲ್ಲ.

ಬೀಮಿನ ಕೆಳಗಿನ ಗೆರೆಗೆ ಕಾರಣ, ಕಾಂಕ್ರೀಟ್ ಮತ್ತು ಬ್ಲಾಕ್ ಒಂದೇ ರೀತಿ ಹಿಗ್ಗಿ ಕುಗ್ಗದಿರುವುದು. ಎರಡೂ ಸೇರುವ ಕಡೆ, ಗೆರೆಯ ಆಚೆ ಈಚೆ 6 ಅಂಗುಲ ಬರುವಂತೆ ಚಿಕನ್ ಮೆಶ್ (ತೆಳು ತಂತಿಬಲೆ) ಬಿಗಿದು ಮೊಳೆ ಹೊಡೆಸಬೇಕು. ವೈರಿಂಗ್ ಪೈಪಿಗೆ ಕೊರೆದ ಜಾಗಕ್ಕೂ ಮೆಶ್ ಬೇಕು. ಪೊಳ್ಳು ಸದ್ದು ನಯವಾದ ಕಾಂಕ್ರೀಟಿನ ಮೇಲೆ ಗಿಲಾವು ಹಿಡಿದಿಲ್ಲ ಎಂಬುದರ ಗುರುತು. ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಹಲಗೆಯಿಂದ ಅಂಟಿದ ಎಣ್ಣೆ ತೊಳೆದು, ಚಾಣದಿಂದ ಒತ್ತೊತ್ತಾಗಿ ಕಚ್ಚು ಹೊಡೆಸಿ, ಸಿಮೆಂಟ್ ಹಾಲು (ನೀರಿನಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್) ಬಳಿದು, ಅದು ಹಸಿಯಿರುವಾಗಲೇ ಗಾರೆ ಹಾಕಿಸಬೇಕು. ಬ್ಲಾಕ್ ಗೋಡೆಗೆ ಇಟ್ಟಿಗೆ ಗೋಡೆಯಷ್ಟು ನೀರು ಕುಡಿಸಬೇಡಿ. ತೇವವಾದರೆ ಸಾಕು, ನೀರು ಸುರಿಯುತ್ತಿರಬಾರದು.

ಈಗ ಇರುವುದನ್ನು ಪೂರ್ತಿ ಕೆಡವಬೇಕಾಗಿಲ್ಲ. ತಟ್ಟುತ್ತ ಹೋಗಿ ಪೊಳ್ಳಾದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಷ್ಟನ್ನು ಮಾತ್ರ ಚೌಕಾಕಾರವಾಗಿ ಗ್ರೈಂಡರಿನಿಂದ ಕತ್ತರಿಸಿ ತೆಗೆಸಿ, ಹೊಸದಾಗಿ ಹಾಕಿಸಿ. ಗೆರೆ ಬಿಟ್ಟ ಕಡೆಯೂ ಮೆಶ್ ಕೂರುವಷ್ಟು ಅಗಲಕ್ಕೆ ಹೀಗೇ ಮಾಡಿಸಿ. ತಟ್ಟಿದಾಗ ಪೊಳ್ಳು ಸದ್ದು ಬಾರದಿದ್ದರೆ ಬಲೆ ಬಿರುಕನ್ನು ಪುಟ್ಟಿ ಮುಚ್ಚುತ್ತದೆ. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಅಗಲವಾದ ಬಿರುಕು ಎದ್ದಿದ್ದು, ಮನೆ ಎರೆಮಣ್ಣಿನ ಮೇಲಿದ್ದರೆ, ಗಿಲಾವಿನ ಮಾತು ಬಿಟ್ಟು ಪಾಯವನ್ನು ಎಂಜಿನಿಯರಿಗೆ ತೋರಿಸಿ.

ಪ್ರಶ್ನೆ: 12×10 ಅಡಿಯ, 10 ಅಡಿ ಎತ್ತರದ ಕೋಣೆಗೆ ಎಷ್ಟು ಚೀಲ ಸಿಮೆಂಟ್ ಬೇಕು? ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಆಗುತ್ತದೆಯೇ? (ಹೊಳಲ್ಕೆರೆ)

ಉತ್ತರ: ನಾಲ್ಕು ಗೋಡೆ ಸೇರಿ 440 ಚದರ ಅಡಿ. ಒಂದು ಬಾಗಿಲು, ಎರಡು ಕಿಟಕಿ ಕಳೆದರೆ ಸುಮಾರು 390. 1:6, 12 ಮಿ.ಮೀ. ಲೆಕ್ಕಕ್ಕೆ 3 ಚೀಲ ಸಿಮೆಂಟ್, 22 ಘನ ಅಡಿ ಮರಳು. ಗೋಡೆ ಮಟ್ಟವಿಲ್ಲದೆ ದಪ್ಪ 15 ಮಿ.ಮೀ. ದಾಟಿದರೆ 4 ಚೀಲಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ದಾರ ಮತ್ತು ತೂಕಗುಂಡು ಹಿಡಿದು ನೋಡಿಸಿ.

ಗೋಡೆ ಕಟ್ಟುವ ಎಂ-ಸ್ಯಾಂಡ್ ಗಿಲಾವಿಗೆ ಒರಟು. ಪ್ಲಾಸ್ಟರಿಂಗಿಗೆಂದೇ ಬರುವ ಪಿ-ಸ್ಯಾಂಡ್ ಕೇಳಿ. ನದಿ ಮರಳಾದರೆ ಗಾಜಿನ ಲೋಟಕ್ಕೆ ಅರ್ಧ ಹಾಕಿ, ಉಪ್ಪುನೀರು ತುಂಬಿ, ಕುಲುಕಿ 3 ಗಂಟೆ ಬಿಡಿ. ಮೇಲೆ ಕೂರುವ ಮಣ್ಣಿನ ಪದರ ಮರಳಿನ ನೂರಕ್ಕೆ 8ರಷ್ಟನ್ನು ಮೀರಿದರೆ ಆ ಲೋಡ್ ಬೇಡ. ಒದ್ದೆ ಮರಳು ಉಬ್ಬಿರುವುದರಿಂದ ಅಳತೆಯಲ್ಲಿ ಮರಳು ಕಡಿಮೆ ಬೀಳುತ್ತದೆ, ಅದನ್ನೂ ಗಮನಿಸಿ. ಗಾರೆಯನ್ನು ಒಂದು ಗಂಟೆಯೊಳಗೆ ಮುಗಿಯುವಷ್ಟೇ ಕಲಸಬೇಕು. ಗಟ್ಟಿಯಾದ ಗಾರೆಗೆ ಮತ್ತೆ ನೀರು ಹಾಕಿ ಬಳಸಿದರೆ ಗೋಡೆ ಪುಡಿ ಉದುರುತ್ತದೆ.

ಪ್ರಶ್ನೆ: ಬೋರ್‌ವೆಲ್ ನೀರಿನಲ್ಲಿ ಮಾಡಿದ ಗಿಲಾವಿನ ಮೇಲೆ ಬಿಳಿ ಪುಡಿ ಬರುತ್ತಿದೆ. (ಚಳ್ಳಕೆರೆ)

ಉತ್ತರ: ಅದು ಉಪ್ಪು. ನೀರು ಬಾಯಿಗೆ ಉಪ್ಪುಪ್ಪಾಗಿದ್ದರೆ ಕಲಸುವುದಕ್ಕೂ ಕ್ಯೂರಿಂಗಿಗೂ ಬಳಸಬೇಡಿ, ಟ್ಯಾಂಕರಿನ ಸಿಹಿನೀರು ತರಿಸಿ. ಈಗ ಬಂದಿರುವ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತೊಳೆದರೆ ಕರಗಿ ಗೋಡೆಯೊಳಗೇ ಹೋಗಿ ಮತ್ತೆ ಹೊರಬರುತ್ತದೆ. ಪುಡಿ ಏಳುವುದು ಪೂರ್ತಿ ನಿಲ್ಲುವವರೆಗೆ ಪುಟ್ಟಿ, ಬಣ್ಣ ಮುಟ್ಟಿಸಬೇಡಿ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಮಾತ್ರ ಬರುತ್ತಿದ್ದರೆ ಪಾಯದಿಂದ ತೇವ ಏರುತ್ತಿರಬಹುದು, ಮೊದಲು ಅದನ್ನು ಪರೀಕ್ಷಿಸಿ.