ಡಾನ್ ಗೊಂಬೆಯ ಕೋಟು ಸಿಪ್ಪೆ ಏಳುವುದು ಯಾಕೆ

ಉಡುಪಿಯಿಂದ ಕೇಳಿದವರಿಗೆ. ಫೋಟೋ ನೋಡಿದೆ ಮಾರಾಯ್ರೆ, ಬೇಜಾರಾಯಿತು. 12 ಇಂಚಿನ ಗ್ಯಾಂಗ್‌ಸ್ಟರ್ ಗೊಂಬೆ, ಎರಡು ವರ್ಷ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೀರಿ. ಈಗ ಮುಖ, ಕೈ ಅಂಟು ಅಂಟು, ಲೆದರ್ ಕೋಟಿನ ಭುಜದಲ್ಲಿ ಸಿಪ್ಪೆ. "ಡೂಪ್ಲಿಕೇಟ್ ಕೊಟ್ಟು ಮೋಸ ಮಾಡಿದರಾ?" ಅಂತ ನಿಮ್ಮ ಪ್ರಶ್ನೆ. ಇಷ್ಟರಿಂದಲೇ ಹಾಗೆ ಹೇಳಲಿಕ್ಕಾಗುವುದಿಲ್ಲ. ಅಸಲಿ ಗೊಂಬೆಗೂ ಹೀಗೆ ಆಗುತ್ತದೆ, ನಮ್ಮ ಕರಾವಳಿಯಲ್ಲಿ ಸ್ವಲ್ಪ ಬೇಗ.

ಮೊದಲು ಅಂಟು. ಗೊಂಬೆಯ ಪಿವಿಸಿ ಪ್ಲಾಸ್ಟಿಕ್ ಮೆತ್ತಗೆ ಇರಲಿ ಅಂತ ಅದಕ್ಕೆ ಎಣ್ಣೆಯಂಥ ಪ್ಲಾಸ್ಟಿಸೈಜರ್ ಸೇರಿಸುತ್ತಾರೆ. ಸೆಕೆಗೆ ಅದು ನಿಧಾನಕ್ಕೆ ಹೊರಗೆ ಬರುತ್ತದೆ. ಗಾಳಿ ಆಡದ ಕವರಿನಲ್ಲಿ ಇಟ್ಟರೆ ಎಲ್ಲಿಗೂ ಹೋಗದೆ ಮೈಮೇಲೆಯೇ ಕೂರುತ್ತದೆ. ಬಟ್ಟೆ ಬಿಚ್ಚಿ, ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ತೊಟ್ಟು ಹಾಕಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಫ್ಯಾನಿನ ಕೆಳಗೆ ಒಣಗಿಸಿ, ಬಿಸಿಲಿಗೆ ಇಡಬೇಡಿ. ನೇಲ್ ಪಾಲಿಶ್ ರಿಮೂವರ್ ಮಾತ್ರ ಹತ್ತಿರ ತರಬೇಡಿ, ಹುಬ್ಬು ಮೀಸೆ ಎಲ್ಲ ಹೋಗುತ್ತದೆ. ಆರು ತಿಂಗಳಿಗೆ ಮತ್ತೆ ಅಂಟಾದರೆ ಮತ್ತೆ ತೊಳೆಯುವುದು, ಅಷ್ಟೇ.

ಕೋಟಿಗೆ ಮಾತ್ರ ಔಷಧಿ ಇಲ್ಲ. ಅದು ಚರ್ಮ ಅಲ್ಲ, ಬಟ್ಟೆಯ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಲೇಪ. ಗಾಳಿಯ ತೇವಕ್ಕೆ ಆ ಲೇಪವೇ ಒಳಗಿಂದ ಮುರಿಯುತ್ತದೆ. ಬಾಕ್ಸ್ ತೆರೆಯದೆ ಇಟ್ಟರೂ ಸಿಪ್ಪೆ ಏಳುತ್ತದೆ. ಆಟಿ ತಿಂಗಳ ಮಳೆಗೆ ನಮ್ಮ ಬೆಲ್ಟು, ಚಪ್ಪಲಿಗೇ ಬೂಷ್ಟು ಬರುವಾಗ ಇದು ಯಾವ ಲೆಕ್ಕ? ಅದಕ್ಕೇ ನಾನು ಈಗ ಲೆದರ್ ಜಾಕೆಟ್ಟಿನ ರೌಡಿಗಳನ್ನು ಬಿಟ್ಟಿದ್ದೇನೆ. ಬಟ್ಟೆಯ ಸೂಟು ಇರುವವರು, ಇಲ್ಲವಾದರೆ 6-7 ಇಂಚಿನ, ಪ್ಲಾಸ್ಟಿಕ್ಕಿನಲ್ಲೇ ಕೋಟು ಕೆತ್ತಿದವರು ಸಾಕು. "ಸ್ಕಾರ್‌ಫೇಸ್" ಸಿನಿಮಾದ ಬಿಳಿ ಸೂಟಿನ ಡಾನ್ ಟೋನಿ ಮೊಂಟಾನಾ ಆದರೆ ಕಿಟಕಿ ಎದುರು ನಿಲ್ಲಿಸಬೇಡಿ, ಬಿಳಿ ಪ್ಲಾಸ್ಟಿಕ್ ಬೆಳಕಿಗೆ ಹಳದಿಯಾಗುತ್ತದೆ.

ನಾನು ಮಾಡಿದ ದೊಡ್ಡ ತಪ್ಪು ಬೇರೆ. ಮಳೆಗಾಲ ಅಂತ ಸೀರೆ ಕಪಾಟಿನ ಹಾಗೆ ಗೊಂಬೆಗಳ ನಡುವೆ ನುಸಿ ಗುಳಿಗೆ ಇಟ್ಟೆ. ಸೆಪ್ಟೆಂಬರಿನಲ್ಲಿ ನೋಡಿದರೆ ಗುಳಿಗೆ ತಾಗಿದ ಪಾರದರ್ಶಕ ಸ್ಟ್ಯಾಂಡು ಮೆತ್ತಗಾಗಿ, ಒಂದು ಬೂಟು ಅದಕ್ಕೇ ಕಚ್ಚಿಕೊಂಡಿದೆ. ಎಳೆದೆ, ಹಿಮ್ಮಡಿ ಅಲ್ಲೇ ಉಳಿಯಿತು. ಗುಳಿಗೆಯಲ್ಲಿರುವ ನಾಫ್ತಲೀನ್ ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ ಅಂತ ಆಮೇಲೆ ಗೊತ್ತಾಯಿತು.

ಈಗ ಗಾಜಿನ ಕಪಾಟು, ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಗೆ ತೇವ ಹೀರುವ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ್ದು ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುತ್ತದೆ, ಮತ್ತೆ ಒಣಗಿಸಲಿಕ್ಕೆ ಅಡುಗೆಮನೆ ಬಾಣಲೆಯಲ್ಲಿ ಬಿಸಿ ಮಾಡುವಂಥದ್ದಲ್ಲ. ಮಳೆ ಬಿಟ್ಟ ದಿನ ಬಾಗಿಲು ಸ್ವಲ್ಪ ಹೊತ್ತು ತೆರೆದಿಡಿ. ಲೈಟ್ ಹೊತ್ತುವ ಗೊಂಬೆಯಾದರೆ ಬಟನ್ ಸೆಲ್ ಸೋರುವ ಮೊದಲು ಇವತ್ತೇ ತೆಗೆಯಿರಿ.

ಹೊರದೇಶದಿಂದ ತರಿಸುವ ಬಗ್ಗೆಯೂ ಕೇಳಿದ್ದೀರಿ. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ ಹೋಯಿತು, 2021ರ ಜನವರಿಯಿಂದ ಐಎಸ್‌ಐ ಗುರುತಿನ ನಿಯಮವೂ ಬಂತು. ದರ ಆಗಾಗ ಬದಲಾಗುತ್ತದೆ. ಸುಂಕ, ಸಾಗಣೆ ಎಲ್ಲ ಸೇರಿಸಿ ಮನೆಗೆ ಬರುವಾಗ ಎಷ್ಟು ಅಂತ ಮೊದಲೇ ಕೇಳಿ, ಆಮೇಲೆ ದುಡ್ಡು ಹಾಕಿ.

ಮತ್ತೆ, ಆ ಹಾಳಾದ ಕೋಟನ್ನು ಬಿಸಾಡಬೇಡಿ. ಹೊಲಿಗೆ ಬಿಚ್ಚಿದರೆ ಹೊಸ ಕೋಟಿಗೆ ಅದೇ ಅಳತೆ. ನಾನು ಮಂಗಳೂರಿನ ಕದ್ರಿಯಲ್ಲಿ ನಮ್ಮ ಟೈಲರ್ ಹತ್ತಿರ ಕೊಂಡು ಹೋದಾಗ "ಇದು ಯಾವ ಮಗುವಿಗೆ?" ಅಂತ ನಕ್ಕರು, ಆದರೆ ತೆಳು ಕಾಟನ್‌ನಲ್ಲಿ ಚೆಂದ ಹೊಲಿದು ಕೊಟ್ಟರು. ಕಪ್ಪು ಬಟ್ಟೆಯಾದರೆ ಹೊಲಿಸುವ ಮೊದಲು ಎರಡು ಮೂರು ಸಲ ನೀರಿಗೆ ಹಾಕಿ ಬಣ್ಣ ಬಿಡಿಸಿ. ಇಲ್ಲವಾದರೆ ಡಾನ್‌ನ ಕುತ್ತಿಗೆಗೆ ಕಲೆ ಹಿಡಿಯುತ್ತದೆ, ಅದು ತೊಳೆದರೂ ಹೋಗುವುದಿಲ್ಲ.