ಕೊಡಗಿನಲ್ಲಿ ಪ್ರವಾಸೋದ್ಯಮ ಯಾರಿಗೆ ಕೆಲಸ ಕೊಡುತ್ತದೆ, ದುಡ್ಡು ಊರಲ್ಲೇ ಉಳಿಯುತ್ತದೆಯೇ?

ರೆಸಾರ್ಟ್ ಎಂದಕೂಡಲೇ ರಿಸೆಪ್ಷನ್ ಕೆಲಸ ನೆನಪಾಗುತ್ತದೆ. ಆದರೆ ದುಡ್ಡು ಊರೊಳಗೆ ಸುತ್ತುವುದು ಹೋಂಸ್ಟೇಗಳಿಂದ. ನಾಲ್ಕು ಕೋಣೆಯ ಮನೆಗೂ ಅಡುಗೆಗೆ ಒಬ್ಬರು, ಗುಡಿಸಿ ಹಾಸಿಗೆ ಬದಲಿಸಲು ಒಬ್ಬರು ಬೇಕು. ಕಡಂಬುಟ್ಟು ಎಂಬ ಉಂಡೆ ಕಡುಬಿಗೆ ಅಕ್ಕಿತರಿ, ಪಂದಿಕರಿಗೆ ಹಂದಿಮಾಂಸ, ಅದಕ್ಕೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿ ಎಲ್ಲ ಹತ್ತಿರದಲ್ಲೇ ಕೊಳ್ಳುವಂಥವು. ಮಾಂದಲ್‌ಪಟ್ಟಿ ಬೆಟ್ಟದ ಕಡಿದಾದ ದಾರಿಗೆ ಸಣ್ಣ ಕಾರು ಹತ್ತದು, ಅದೇ ಜೀಪ್ ಚಾಲಕರ ಅನ್ನ.

ತೊಡಕಿರುವುದು ಕಾಲದ್ದು. ಡಿಸೆಂಬರ್‌ನಲ್ಲಿ ಪ್ರವಾಸಿಗರ ದಟ್ಟಣೆ, ಅರೇಬಿಕಾ ಕಾಫಿ ಕೊಯ್ಲು ಎರಡೂ ಒಟ್ಟಿಗೇ ಬಂದು ಆಳುಗಳಿಗೆ ಎಳೆದಾಟ. ಜೂನ್‌ನಲ್ಲಿ ಮಳೆ ಹಿಡಿದರೆ ಬುಕಿಂಗ್ ಇಳಿಯುತ್ತದೆ, ಮೊದಲ ಪೆಟ್ಟು ದಿನಗೂಲಿಯವರಿಗೆ. 2018ರ ಆಗಸ್ಟ್‌ನ ಭೂಕುಸಿತದಲ್ಲಂತೂ ರಸ್ತೆಗಳೇ ಕುಸಿದು ಕೋಣೆಗಳು ಖಾಲಿ ಬಿದ್ದವು. ಹಾಗಾಗಿ ಕೆಲಸ ಒಪ್ಪುವ ಮುಂಚೆ, ಮಳೆಗಾಲದಲ್ಲೂ ಪೂರ್ತಿ ಸಂಬಳವೇ, ಪಿಎಫ್ ಇದೆಯೇ ಎಂದು ಕೇಳಿಕೊಳ್ಳಿ.