ಅಟ್ಟಕ್ಕೆ ಏರಿಸಿದ ಮೆಟ್ಟುಕತ್ತಿ

ಡೊಂಬಿವಲಿಯಿಂದ ಬಂದ ಒಂದು ಪತ್ರ ನಾಲ್ಕು ದಿನದಿಂದ ನನ್ನನ್ನು ಬಿಡುತ್ತಿಲ್ಲ. ಬರೆದವರು ಘಾಟ್ಕೋಪರಿನ ಹೋಟೆಲೊಂದರ ಗಲ್ಲೆಯಲ್ಲಿ ಕೂರುವವರು. ಮದುವೆಯಾಗಿ ಮೂರು ವರ್ಷ, ಮಗುವಿಗೆ ಎಂಟು ತಿಂಗಳು. ಕುಂದಾಪುರದ ತವರಿನಲ್ಲಿ ಬಾಣಂತನ ಮುಗಿಸಿ ಬಂದಾಗಿನಿಂದ ಹೆಂಡತಿ ಕೈ ತೊಳೆಯುವುದೇ ತೊಳೆಯುವುದು. ಬೆಳಿಗ್ಗೆ ಒಂದೂವರೆ ಗಂಟೆ ಬರುವ ನೀರನ್ನು ಡ್ರಮ್ಮಿಗೆ ತುಂಬಿಸಿಟ್ಟರೆ ಮಧ್ಯಾಹ್ನಕ್ಕೇ ತಳ ಕಾಣುತ್ತದೆ. ಪಕ್ಕದ ಮನೆಯವರ ಹತ್ತಿರ ಎರಡು ಬಕೆಟ್ ನೀರು ಕೇಳಲು ಹೋಗಿ ಜಗಳವೂ ಆಗಿದೆ. ಅತ್ತೆಗೆ ಮೊದಮೊದಲು ಸೊಸೆಯ ಮಡಿ ಕಂಡು ಖುಷಿಯಾಗಿತ್ತಂತೆ, ಈಗ ಸಾಕಾಗಿದೆ. ‘ಅಕ್ಕಾ, ಸ್ವಲ್ಪ ದಿನ ತವರಿಗೆ ಕಳಿಸಿಬಿಡಲಾ?’ ಇದು ಪ್ರಶ್ನೆ.

ನೀರಿನ ಬಗ್ಗೆ ನೀವು ಎರಡು ಪುಟ ಬರೆದಿದ್ದೀರಿ. ಮೂರನೆಯ ಪುಟದಲ್ಲಿ, ಮನೆಗೆಲಸ ಯಾರು ಯಾವುದು ಮಾಡುತ್ತಾರೆ ಎಂದು ಹೇಳುವಾಗ, ಒಂದು ಮಾತು ಬಂದು ಹೋಗಿದೆ. ‘ತರಕಾರಿ ಅಮ್ಮನೇ ಹೆಚ್ಚುತ್ತಾರೆ. ಹೆಚ್ಚಿದ ಮೇಲೆ ಮೆಟ್ಟುಕತ್ತಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಬೇಕು, ಇಲ್ಲದಿದ್ದರೆ ಇವಳು ಮಗುವಿನ ಹತ್ತಿರವೇ ಬರುವುದಿಲ್ಲ.’ ಇಷ್ಟು ಹೇಳಿ ಮತ್ತೆ ನೀರಿನ ಬಿಲ್ಲಿಗೆ ಹೋಗಿದ್ದೀರಿ.

ಮಡಿಗೂ ಮೆಟ್ಟುಕತ್ತಿಗೂ ಏನು ಸಂಬಂಧ? ಕೊಳೆಗೆ ಹೆದರುವವಳು ಕತ್ತಿಯನ್ನು ಯಾಕೆ ಬಚ್ಚಿಡಬೇಕು? ಅಮ್ಮ ಊರಿಗೆ ಹೋದ ನಾಲ್ಕು ದಿನ ‘ನನ್ನನ್ನೂ ಮಗುವನ್ನೂ ಒಟ್ಟಿಗೆ ಬಿಟ್ಟುಹೋಗಬೇಡಿ’ ಎಂದು ಅತ್ತಳು, ನೀವು ರಜೆ ಹಾಕಬೇಕಾಯಿತು ಎಂದೂ ಬರೆದಿದ್ದೀರಿ. ಎರಡನ್ನೂ ಸೇರಿಸಿ ಓದಿ. ಅವಳ ಹೆದರಿಕೆ ಕೊಳೆಯದಲ್ಲ. ತನ್ನ ಕೈಯಿಂದಲೇ ಮಗುವಿಗೆ ಏನಾದರೂ ಆಗಿಬಿಟ್ಟರೆ ಎಂದು ಅವಳು ತನ್ನ ಕೈಗೇ ಹೆದರುತ್ತಿದ್ದಾಳೆ. ಅದಕ್ಕೇ ಆ ಕೈಯನ್ನು ಬೆರಳ ಸಂದಿನಲ್ಲಿ ರಕ್ತ ಒಸರುವಷ್ಟು ಉಜ್ಜುತ್ತಿದ್ದಾಳೆ.

ಕಾಯಿಲೆಗೆ ಹೆಸರಿಡುವುದು ಡಾಕ್ಟರರ ಕೆಲಸ. ಆದರೆ ನೀವು ಬರೆದಿರುವುದೆಲ್ಲ ಗೀಳು ಕಾಯಿಲೆಯ ಕಡೆಗೇ ಬೆರಳು ತೋರಿಸುತ್ತದೆ. ಒಸಿಡಿ ಎನ್ನುತ್ತಾರಲ್ಲ, ಅದು. ಹೆರಿಗೆಯ ನಂತರ ಇದು ಹೊಸದಾಗಿ ಕಾಣಿಸಿಕೊಳ್ಳುವುದುಂಟು, ಮೊದಲೇ ಸ್ವಲ್ಪ ಇದ್ದದ್ದು ಜೋರಾಗುವುದೂ ಉಂಟು. ಮನೆತನದಲ್ಲಿ ಬರುವ ಒಲವು, ಹೆರಿಗೆಯಾದ ಮೇಲೆ ದೇಹದಲ್ಲಾಗುವ ಏರುಪೇರು, ತಿಂಗಳುಗಟ್ಟಲೆ ನಿದ್ದೆಯಿಲ್ಲದ ರಾತ್ರಿಗಳು, ಒಂದು ಪುಟ್ಟ ಜೀವದ ಹೊಣೆ, ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಸೋಮಾರಿತನ, ಹಟ, ದೃಷ್ಟಿ, ಯಾವುದೂ ಇದಕ್ಕೆ ಕಾರಣವಲ್ಲ.

ಈಗ ಹೇಳುವುದನ್ನು ನಿಧಾನವಾಗಿ ಓದಿ. ಇಂಥ ಯೋಚನೆ ಬರುವುದೇ ಕಾಯಿಲೆಯಲ್ಲ. 1978ರಲ್ಲಿ ಲಂಡನ್ನಿನ ರ‍್ಯಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಮನಶ್ಶಾಸ್ತ್ರಜ್ಞರು ಆರೋಗ್ಯವಂತರನ್ನೇ ಕೇಳಿ ನೋಡಿದರು. ಯಾರನ್ನೋ ತಳ್ಳಿಬಿಟ್ಟರೆ, ಇರಿದುಬಿಟ್ಟರೆ ಎನ್ನುವಂಥ ಯೋಚನೆ ಬಹುಪಾಲು ಜನಕ್ಕೆ ಬಂದುಹೋಗುತ್ತಿತ್ತು. ಲೋಕಲ್ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತಾಗ ನಿಮಗೂ ಬಂದಿರಬಹುದು. ನೀವು ‘ಛೇ’ ಎಂದು ಬಿಟ್ಟು ಗಾಡಿ ಹತ್ತುತ್ತೀರಿ. ಗೀಳಿನವರು ಬಿಡಲಾರರು. ‘ಇಂಥ ಯೋಚನೆ ಬಂತೆಂದರೆ ನಾನು ಎಂಥ ತಾಯಿ’ ಎಂದು ಅದನ್ನೇ ಹಿಡಿದು ಕೂರುತ್ತಾರೆ. ಕೈ ತೊಳೆದರೆ ಎರಡು ನಿಮಿಷ ಸಮಾಧಾನ. ಆ ಸಮಾಧಾನವೇ ಮೋಸ ಮಾಡುವುದು. ತೊಳೆದದ್ದಕ್ಕೇ ಮಗು ಉಳಿಯಿತು ಎಂದು ಮನಸ್ಸು ಲೆಕ್ಕ ಹಾಕುತ್ತದೆ, ಮುಂದಿನ ಸಲ ಇನ್ನಷ್ಟು ತೊಳೆಯಬೇಕಾಗುತ್ತದೆ.

ವರ್ಷಗಳ ಹಿಂದೆ ಮಾಟುಂಗದಲ್ಲಿ ಒಬ್ಬ ತಾಯಿ ನನ್ನೆದುರು ಕೂತಿದ್ದಳು. ಮಗು ಪಕ್ಕದಲ್ಲಿ ಅಜ್ಜಿಯ ತೊಡೆಯ ಮೇಲೆ. ಇವಳು ಎರಡೂ ಕೈಗಳನ್ನು ತನ್ನ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದಳು. ಮಗು ಅವಳ ಕಡೆ ಕೈಚಾಚಿ ಅತ್ತಿತು. ಕೈ ಹೊರಗೆ ಬರಲಿಲ್ಲ, ಕಣ್ಣಲ್ಲಿ ನೀರು ಸುರಿಯಿತು. ಅಜ್ಜಿ ನನಗೆ ಹೇಳಿದರು, ‘ಇವಳಿಗೆ ಮಗುವಿನ ಮೇಲೆ ಪ್ರೀತಿಯಿಲ್ಲ.’ ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಪ್ರೀತಿ ಇಲ್ಲದಿದ್ದರೆ ಅವಳು ಅಷ್ಟು ಹೆದರುತ್ತಲೇ ಇರಲಿಲ್ಲ. ಇಂಥ ಯೋಚನೆಗೆ ಹೀಗೆ ಅಂಜುವ ಗೀಳಿನವರು ಅದನ್ನು ಮಾಡಲು ಹೋಗುವುದಿಲ್ಲ, ಮಗುವಿನಿಂದ ದೂರ ಓಡುತ್ತಾರೆ.

ಬಾಣಂತಿ ಸನ್ನಿ ಬೇರೆ, ಅದನ್ನೂ ಹೇಳಿಬಿಡುತ್ತೇನೆ. ಅದು ಅಪರೂಪ, 1000 ಹೆರಿಗೆಗಳಲ್ಲಿ ಒಂದೋ ಎರಡೋ. ಹೆಚ್ಚಾಗಿ ಮೊದಲ ವಾರಗಳಲ್ಲೇ ಬರುತ್ತದೆ. ಅಲ್ಲಿ ತನ್ನ ಯೋಚನೆಗೇ ಅಂಜುವ ಭಯಕ್ಕಿಂತ, ಅದೇ ನಿಜ ಎನ್ನುವ ನಂಬಿಕೆ ಇರುತ್ತದೆ. ಯಾರೋ ಕಿವಿಯಲ್ಲಿ ಹೇಳುತ್ತಿದ್ದಾರೆ, ಈ ಮಗು ನನ್ನದಲ್ಲ, ಇದರಲ್ಲಿ ಏನೋ ಸೇರಿಕೊಂಡಿದೆ ಎನ್ನುವ ಮಾತು, ನಿದ್ದೆಯೇ ಬೇಡ ಎನ್ನುವ ಓಡಾಟ. ಇಂಥದ್ದು ಕಂಡರೆ, ಅಥವಾ ಸಾಯುವ ಮಾತು ಬಂದರೆ, ತಾಯಿ ಮಗುವನ್ನು ಒಟ್ಟಿಗೆ ಬಿಡದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಓಡಬೇಕು. ನಿಮ್ಮ ಪತ್ರದಲ್ಲಿ ಅದರ ಗುರುತಿಲ್ಲ, ಆದರೂ ಡಾಕ್ಟರರು ಅದನ್ನು ಕೇಳಿಯೇ ಕೇಳುತ್ತಾರೆ.

ಇನ್ನು ಮುಲುಂಡಿನಲ್ಲಿರುವ ನಿಮ್ಮ ಸ್ವಂತ ಅಕ್ಕ. ‘ತಲೆ ಡಾಕ್ಟರ ಹತ್ತಿರ ಹೋದದ್ದು ಸೊಸೈಟಿಯವರಿಗೆ ಗೊತ್ತಾದರೆ ಮುಗಿಯಿತು, ಸರಿಯಾಗುವ ತನಕ ಅವಳ ಮನೆಯವರೇ ನೋಡಿಕೊಳ್ಳಲಿ’ ಎಂದದ್ದು ಅವರು. ನಿಮ್ಮ ಹೆಂಡತಿಗಿಂತಲೂ, ನಿಮ್ಮ ಅಮ್ಮನಿಗಿಂತಲೂ, ಈ ಮನೆಗೆ ಹೆಚ್ಚು ತೊಂದರೆ ಮಾಡಿರುವುದು ಆ ಮಾತು. ಐದು ತಿಂಗಳು ಹಾಳಾಗಿದ್ದು ಅದರಿಂದ. ನನ್ನನ್ನೂ ಅಕ್ಕ ಎಂದಿದ್ದೀರಿ, ಈಗ ಈ ಅಕ್ಕನ ಮಾತು ಕೇಳಿ.

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಕಾಯಿಲೆ ಬಂದವರನ್ನು ಊರಿಗೆ ಸಾಗಿಸುವ ಮುಂಬಯಿ ಕನ್ನಡಿಗರ ಈ ಅಭ್ಯಾಸ ನಿಲ್ಲಬೇಕು. ಗಂಡಸು ಜಾರಿಬಿದ್ದು ಕಾಲು ಮುರಿದರೆ ಸಯನ್ ಆಸ್ಪತ್ರೆ, ಹೆಂಗಸಿನ ಮನಸ್ಸು ನೊಂದರೆ ರಾತ್ರಿ ಬಸ್ಸು. ಹೋಗಿ ಮಾಡುವುದಾದರೂ ಏನು? ತವರಿನಲ್ಲಿ ಅಮ್ಮ ಮಗುವನ್ನು ಪೂರ್ತಿ ನೋಡಿಕೊಳ್ಳುತ್ತಾಳೆ, ಇವಳು ಮಗುವನ್ನು ಮುಟ್ಟದೆ ಇರುವುದು ಸುಲಭವಾಗುತ್ತದೆ, ಭಯ ಬೇರು ಬಿಡುತ್ತದೆ.

ಇದಕ್ಕೆ ಚಿಕಿತ್ಸೆ ಇದೆ, ಹೊಸದೂ ಅಲ್ಲ. 1966ರಲ್ಲಿ ವಿಕ್ಟರ್ ಮೇಯರ್ ಎಂಬವರು ಲಂಡನ್ನಿನಲ್ಲಿ ಇಬ್ಬರು ರೋಗಿಗಳಿಗೆ ಮಾಡಿ ತೋರಿಸಿದ ದಾರಿಯೇ ಇವತ್ತಿಗೂ ನಡೆಯುತ್ತಿದೆ. ಹೆದರುವ ವಸ್ತುವಿನ ಹತ್ತಿರ ಮೆಲ್ಲಮೆಲ್ಲನೆ ಹೋಗುವುದು, ಹೋದ ಮೇಲೆ ತೊಳೆಯದೆ ಕೂರುವುದು. ಭಯ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಜೊತೆಗೆ ಮಾತ್ರೆ ಬೇಕಾಗಬಹುದು. ಗೀಳಿಗೆ ಮಾತ್ರೆ ಹಿಡಿಯಲು 10-12 ವಾರ ಬೇಕಾಗುವುದುಂಟು, ಹದಿನೈದು ದಿನಕ್ಕೆ ಗುಣ ಕಾಣಲಿಲ್ಲವೆಂದು ನಿಲ್ಲಿಸಬಾರದು. ಹಾಲೂಡಿಸುವವರಿಗೆ ಕೊಡುವಂಥ ಮಾತ್ರೆಗಳೂ ಇವೆ, ಮಗುವಿಗೆ ಎದೆಹಾಲು ಇದೆಯೆಂದು ಮೊದಲೇ ಹೇಳಿ.

ನೀವು ಮಾಡಬೇಕಾದ್ದು ಒಂದೇ. ನಿಮ್ಮ ವಾರದ ರಜೆ ಮಂಗಳವಾರ ಎಂದಿದ್ದೀರಿ. ಬರುವ ಮಂಗಳವಾರ ಬೆಳಗಿನ ಗಾಡಿ ಹಿಡಿದು ಅವಳನ್ನು ಸಯನ್ ಆಸ್ಪತ್ರೆಯ ಮನೋರೋಗ ವಿಭಾಗದ ಓಪಿಡಿಗೆ ಕರೆದುಕೊಂಡು ಹೋಗಿ. ಅಮ್ಮನನ್ನು ಕಳಿಸಬೇಡಿ, ಅಕ್ಕನಿಗೆ ಹೇಳಬೇಡಿ, ನೀವೇ ಹೋಗಿ. ಅದಕ್ಕೆ ಮೊದಲು ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಹೋಗುವ ಹಿಂದಿನ ರಾತ್ರಿ, ಅಮ್ಮ ಮಲಗಿದ ಮೇಲೆ, ಅವಳನ್ನು ಕೇಳಿ: ‘ನಿನ್ನ ಕೈಯಿಂದಲೇ ಮಗುವಿಗೆ ಏನಾದರೂ ಆಗಿಬಿಡುತ್ತದೆ ಅಂತ ಭಯ ಆಗುತ್ತಾ?’ ಅವಳು ಹೌದೆಂದರೆ ಹೌಹಾರಬೇಡಿ. ‘ಹಾಗೇನೂ ಆಗಲ್ಲ’ ಎಂದು ಮತ್ತೆ ಮತ್ತೆ ಭರವಸೆ ಕೊಡಲೂ ಹೋಗಬೇಡಿ, ಅದೂ ಕೈ ತೊಳೆದಂತೆಯೇ ಆಗುತ್ತದೆ. ‘ಇದು ಕಾಯಿಲೆ, ಬೇರೆಯವರಿಗೂ ಇದೆ, ನಾಳೆ ಹೋಗೋಣ’ ಎನ್ನಿ. ಮೆಟ್ಟುಕತ್ತಿ ಸದ್ಯಕ್ಕೆ ಅಟ್ಟದಲ್ಲೇ ಇರಲಿ. ಅದನ್ನು ಯಾವತ್ತು ಇಳಿಸಬೇಕು ಎನ್ನುವುದನ್ನು ಅವಳೂ ಡಾಕ್ಟರೂ ಕೂತು ಗೊತ್ತುಮಾಡುತ್ತಾರೆ.